ಹೊಸ ವರ್ಷದ ಸಂಕಲ್ಪ: ದೋಷ ತಾರೀಖಿನದಲ್ಲ

ಹೊಸ ವರ್ಷದ ಸಂಕಲ್ಪಕ್ಕೆ ಅದರ ಯೋಗ್ಯತೆ ಮೀರಿದ ಹೆಸರು ಬಂದಿದೆ. ಡಿಸೆಂಬರ್ ಕೊನೆಗೆ ಎಲ್ಲರೂ ಅದನ್ನು ಹೊಗಳುತ್ತಾರೆ. ಫೆಬ್ರವರಿಯಲ್ಲಿ ಮುರಿದುಕೊಂಡವರ ಮನೋಬಲವನ್ನು ಹಳಿಯುತ್ತಾರೆ. ಸಂಕಲ್ಪದ ವಾಕ್ಯವನ್ನು ಮಾತ್ರ ಯಾರೂ ಬಿಡಿಸಿ ನೋಡುವುದಿಲ್ಲ.

'ಈ ವರ್ಷ ದುಡ್ಡು ಉಳಿಸಬೇಕು.' ವಾಕ್ಯ ಇಷ್ಟೇ. ಎಷ್ಟು, ಯಾವ ದಿನ, ಎಲ್ಲಿ ಕಟ್ಟಬೇಕು, ತಪ್ಪಿದರೆ ಕೇಳುವವರು ಯಾರು, ಯಾವಾಗ ಮುಗಿಯಿತು ಎನ್ನಬೇಕು: ಒಂದೂ ಅದರಲ್ಲಿಲ್ಲ. ಗಂಗೊಳ್ಳಿ ಬಂದರಿನ ಬೋಟುಗಳಲ್ಲಿ ದುಡಿಯುವವರಿಗೆ ಇದನ್ನು ಅನ್ವಯಿಸಿದರೆ ಕೊರತೆ ಎದ್ದು ಕಾಣುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆ ಮನೆಗಳ ಲೆಕ್ಕದ ವರ್ಷ ಆಗಸ್ಟ್‌ನಲ್ಲಿ ಶುರುವಾಗಿ ಮೇ ಕೊನೆಗೆ ಮುಗಿಯುತ್ತದೆ. ಜನವರಿ 1 ಬರುವಾಗ ಐದು ತಿಂಗಳ ದುಡಿಮೆ ಖರ್ಚಾಗಿ ಹೋಗಿರುತ್ತದೆ, ಉಳಿದದ್ದು ಇನ್ನೈದು. ಉಳಿತಾಯ ಬೇಕಾದದ್ದು ಜೂನ್‌ಗೆ. ವಾಕ್ಯ ಡಿಸೆಂಬರ್ 31ರವರೆಗೆ ಸಮಯ ಕೊಟ್ಟು ಕೂತಿರುತ್ತದೆ. 'ತಿಂಗಳಿಗೆ ಇಷ್ಟು' ಎಂಬ ಸಂಬಳದವರ ಸೂತ್ರವೂ ಇಲ್ಲಿ ನಡೆಯದು. ಬಂಗುಡೆ, ಬೂತಾಯಿ ಸಿಕ್ಕಿದ ದಿನ ಪಾಲು ಉಂಟು. ಸಿಗದ ದಿನ ಡೀಸೆಲ್ ಖರ್ಚೂ ಹುಟ್ಟುವುದಿಲ್ಲ.

ಹಾಗಾದರೆ ವಾಕ್ಯ ಹೇಗಿರಬೇಕು? 'ಪಾಲಿನ ಹಣ ಕೈಗೆ ಬಂದ ದಿನ, ಮನೆಗೆ ಹೋಗುವ ಮುಂಚೆ, ಹತ್ತರಲ್ಲಿ ಒಂದು ಭಾಗವನ್ನು ಸೊಸೈಟಿಗೆ ಕಟ್ಟುವುದು, ಮೇ 31ರವರೆಗೆ.' ಇಲ್ಲಿ ಹಣ ಬಂದದ್ದೇ ಕಟ್ಟಬೇಕೆಂಬ ನೆನಪನ್ನು ತರುತ್ತದೆ, ಮನೋಬಲಕ್ಕಾಗಿ ಕಾಯಬೇಕಿಲ್ಲ. ಮನೋವಿಜ್ಞಾನಿಗಳಾದ ಪೀಟರ್ ಗೋಲ್ವಿಟ್ಸರ್ ಮತ್ತು ಪಾಸ್ಕಲ್ ಶೀರನ್ 2006ರಲ್ಲಿ 94 ಪ್ರಯೋಗಗಳನ್ನು ಒಟ್ಟು ಸೇರಿಸಿ ತೋರಿಸಿದ್ದೂ ಇದನ್ನೇ: 'ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ' ಎಂದು ಮೊದಲೇ ನಿಗದಿ ಮಾಡಿಕೊಂಡವರು ಬರಿಯ ಗುರಿ ಇಟ್ಟುಕೊಂಡವರಿಗಿಂತ ಸಾಕಷ್ಟು ಮುಂದೆ ಹೋಗುತ್ತಾರೆ. ಮೀನುಗಾರರ ಉಳಿತಾಯ ಮತ್ತು ಪರಿಹಾರ ಯೋಜನೆಯಲ್ಲಿಯೂ ಇದೇ ಕಟ್ಟು ಇದೆ. ಮೀನುಗಾರ ವರ್ಷಕ್ಕೆ 1,500 ರೂಪಾಯಿ ಕಟ್ಟಿದರೆ ಸರಕಾರದ 3,000 ಸೇರಿ, ದುಡಿಮೆ ಇಲ್ಲದ ಅಥವಾ ಕಡಿಮೆಯಿರುವ ಮೂರು ತಿಂಗಳಿಗೆ 4,500 ಸಿಗುತ್ತದೆ. ಇಂದಿನ ಬೆಲೆಗೆ ಆ ಮೊತ್ತ ಏನೇನೂ ಸಾಲದು. ಕಟ್ಟು ಮಾತ್ರ ಸರಿಯಾಗಿದೆ.

ಹಳೆಯ ವ್ರತಗಳು ಈ ವಿಷಯದಲ್ಲಿ ಜನವರಿಯ ಸಂಕಲ್ಪಕ್ಕಿಂತ ಮೇಲು. ಶಬರಿಮಲೆಯ ವ್ರತಕ್ಕೆ 41 ದಿನವೆಂಬ ಗಡಿ ಇದೆ, ಬಿಡಬೇಕಾದ್ದೇನೆಂಬ ಸ್ಪಷ್ಟತೆ ಇದೆ, ಕೊರಳಲ್ಲಿ ಎಲ್ಲರಿಗೂ ಕಾಣುವ ಮಾಲೆ ಇದೆ. ಊರೇ 'ಸ್ವಾಮಿ' ಎಂದು ಕರೆಯುವಾಗ ಬಾರ್ ಮೆಟ್ಟಿಲು ಹತ್ತುವುದು ಸುಲಭವಲ್ಲ. ಮಾಲೆ ತೆಗೆದ ಮೇಲೆ ಹಳೆಯ ಚಾಳಿ ಮರಳುವುದುಂಟು, ನಿಜ. ಆದರೆ 41 ದಿನ ನಡೆಸಿಕೊಟ್ಟದ್ದು ಸಣ್ಣ ಮಾತಲ್ಲ.

ಸಂಕಲ್ಪವನ್ನು ಟೀಕಿಸುವವರಲ್ಲಿ ಹೆಚ್ಚಿನವರು ತಪ್ಪು ಜಾಗದಲ್ಲಿ ಬೆರಳಿಡುತ್ತಾರೆ. 'ಜನವರಿ 1 ನಮ್ಮದಲ್ಲ, ಯುಗಾದಿಗೆ ಸಂಕಲ್ಪ ಮಾಡಿ' ಎನ್ನುವ ವಾದ ಅಂಥ ಟೀಕೆಗಳಲ್ಲಿ ಒಂದು. ಗಂಗೊಳ್ಳಿಯಲ್ಲೇ ಎಷ್ಟು ಹೊಸ ವರ್ಷಗಳಿಲ್ಲ! ಸೌರಮಾನ ಯುಗಾದಿಯವರು, ಚಾಂದ್ರಮಾನದ ಪಾಡ್ಯ ಹಿಡಿದ ಕೊಂಕಣಿ ಮನೆಗಳವರು, ದೀಪಾವಳಿಗೆ ಹೊಸ ಲೆಕ್ಕ ಬರೆಯುವ ಅಂಗಡಿಯವರು, ಮೊಹರಂನಿಂದ ವರ್ಷ ಎಣಿಸುವ ಮುಸ್ಲಿಮರು. ಕಡಲಿಗಿಳಿಯುವವರಿಗೆ ನೂಲ ಹುಣ್ಣಿಮೆಯ ಸಮುದ್ರಪೂಜೆಯೂ ಆರಂಭವೇ. ಹೆಂಗ್‌ಚೆನ್ ಡಾಯ್, ಕೇಟಿ ಮಿಲ್ಕ್‌ಮನ್ ಮತ್ತು ಜೇಸನ್ ರೀಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ವಾರದ, ತಿಂಗಳ, ವರ್ಷದ ಆರಂಭಗಳೆಲ್ಲ ಜನರನ್ನು ಹೊಸದಕ್ಕೆ ಹುರಿದುಂಬಿಸುತ್ತವೆ. ಶುರು ಮಾಡಿಸಲು ಯಾವ ದಿನವೂ ಸಾಕು. ಮುಂದುವರಿಸುವ ಬಲ ಯಾವ ದಿನಕ್ಕೂ ಇಲ್ಲ.

'21 ದಿನ ಮಾಡಿದರೆ ಅಭ್ಯಾಸವಾಗುತ್ತದೆ' ಎನ್ನುವವರು ಇನ್ನೂ ಹೆಚ್ಚು ಹಾನಿ ಮಾಡಿದ್ದಾರೆ. ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರ ಪುಸ್ತಕದಲ್ಲಿ, ರೋಗಿಗಳು ಬದಲಾದ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನ ಬೇಕೆಂದು ಬರೆದದ್ದು ಭಾಷಣಕಾರರ ಬಾಯಲ್ಲಿ ನಿಯಮವಾಯಿತು. 'ಕನಿಷ್ಠ' ಬಿದ್ದುಹೋಯಿತು. ಲಂಡನ್ನಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಮಂದಿಯ ಮೇಲೆ ನಡೆಸಿದ ಅಧ್ಯಯನದಲ್ಲಿ ಕಂಡದ್ದು ಸುಮಾರು 66 ದಿನ. ವ್ಯಾಪ್ತಿ 18ರಿಂದ 254. 22ನೆಯ ದಿನವೂ ಕಷ್ಟವೆನಿಸಿದ್ದಕ್ಕೆ ತಮ್ಮನ್ನೇ ಹಳಿದುಕೊಂಡು ಕೈಬಿಟ್ಟವರಿಗೆ ಈ ಸಂಖ್ಯೆ ಯಾರೂ ಹೇಳಲಿಲ್ಲ.

ಸಂಕಲ್ಪವೇ ನಿರರ್ಥಕ ಎನ್ನುವವರ ಮಾತೂ ನಿಲ್ಲುವುದಿಲ್ಲ. ಜಾನ್ ನಾರ್‌ಕ್ರಾಸ್ ಮತ್ತು ಸಂಗಡಿಗರ 2002ರ ಅಧ್ಯಯನದಲ್ಲಿ ಆರು ತಿಂಗಳ ಬಳಿಕ ಸಂಕಲ್ಪ ಮಾಡಿದವರಲ್ಲಿ ಶೇ. 46 ಮಂದಿ ಯಶಸ್ಸು ಕಂಡಿದ್ದರು. ಬದಲಾಗಬೇಕೆಂದಿದ್ದೂ ಸಂಕಲ್ಪ ಮಾಡದವರಲ್ಲಿ ಶೇ. 4 ಮಾತ್ರ. ಇವು ಜನ ತಾವೇ ಹೇಳಿಕೊಂಡ ಉತ್ತರಗಳು; ಅಷ್ಟು ರಿಯಾಯಿತಿ ಕೊಟ್ಟರೂ ಅಂತರ ದೊಡ್ಡದೇ.

ಜನವರಿಯ ಸಂಕಲ್ಪ ಕೆಟ್ಟದ್ದಲ್ಲ, ಅಪೂರ್ಣವಾದದ್ದು. ಗಂಗೊಳ್ಳಿಯ ದುಡಿಯುವವರಿಗೆ ಆಗಸ್ಟ್ ಅದಕ್ಕಿಂತ ಒಳ್ಳೆಯ ಆರಂಭ: ಬೋಟು ಕಡಲಿಗಿಳಿದು ಮೊದಲ ಪಾಲು ಬಂದ ದಿನವೇ ಸೊಸೈಟಿಯ ಪಾಸ್‌ಬುಕ್ಕಿನಲ್ಲಿ ಮೊದಲ ಸಾಲು ಬರೆಸಿರಿ.