ಮಾರಿಕಣಿವೆಯ ಏಳು ವಾಕ್ಯಗಳು: ಒಂದು ವ್ಯಾಖ್ಯಾನ

ಅವತರಣಿಕೆ. ಹಿರಿಯೂರು ಸೀಮೆಯ ವಾಣಿವಿಲಾಸ ಸಾಗರವನ್ನು, ಎಂದರೆ ಜನರ ಬಾಯಿಯ ಮಾರಿಕಣಿವೆಯನ್ನು, ವರ್ಣಿಸುವ ಏಳು ವಾಕ್ಯಗಳ ಗದ್ಯಖಂಡವೊಂದನ್ನು ಇಲ್ಲಿ ಮೂಲವಾಗಿ ಇರಿಸಿಕೊಂಡಿದೆ. ವರ್ಣನೆಯಲ್ಲಿ ವಾಕ್ಯಗಳು ಹೇಗೆ ಬೇರೆಬೇರೆ ಆಗಬೇಕು, ಪರಿಚ್ಛೇದ ಎಲ್ಲಿ ಮುರಿಯಬೇಕು ಎಂಬುದನ್ನು ತೋರಿಸುವುದಕ್ಕೆಂದೇ ಇದನ್ನು ರಚಿಸಿದ್ದು.

ಮೂಲ. ಎರಡು ಗುಡ್ಡ, ನಡುವೆ ಕಣಿವೆ. ಬಾಬಾಬುಡನ್‌ಗಿರಿಯ ಸಾಲಿನಲ್ಲಿ ವೇದಾ, ಅವತಿ ಎಂದು ಎರಡಾಗಿ ಹುಟ್ಟಿ, ಕಡೂರಿನ ಬಳಿ ಒಂದಾಗಿ, ಹೊಸದುರ್ಗದ ಸೀಮೆಯನ್ನು ಹಾದು ಬಂದ ವೇದಾವತಿ ಇಲ್ಲಿ ಕಲ್ಲುಗಾರೆಯ ಕಟ್ಟೆಗೆ ಎದೆಯಾನಿಸಿ ನಿಲ್ಲುತ್ತಾಳೆ. ಕಟ್ಟೆಯ ಎತ್ತರ 142 ಅಡಿ. ಏರಿಯ ಮೇಲೆ ನಿಂತು ಮೇಲುಗಡೆ ನೋಡಿದರೆ ಹೊಸದುರ್ಗದ ಕಡೆಗೆ ಹಿನ್ನೀರು, ಕೆಳಗಡೆ ನೋಡಿದರೆ ಹಿರಿಯೂರಿನ ಕಡೆಗೆ ತೆಂಗು.

ಕಟ್ಟೆಯ ಬಳಿ ಕೂತ ಕಣಿವೆ ಮಾರಮ್ಮ ಕಾಯುವುದು ಯಾರನ್ನು, ನೀರನ್ನೋ ಊರನ್ನೋ? 1933ರಲ್ಲಿ ಕೋಡಿ ಬಿದ್ದುದನ್ನು ಕಂಡವರು ಮಕ್ಕಳಿಗೆ ಹೇಳಿದರು; ಮಕ್ಕಳು ಮೊಮ್ಮಕ್ಕಳಿಗೆ ಹೇಳಿದರು; 89 ವರ್ಷ ಕೋಡಿ ಒಣಗಿಯೇ ಇತ್ತು. ಹರಿಯಿತು ನೀರು, 2022ರ ಸೆಪ್ಟೆಂಬರಿನಲ್ಲಿ.

‘ಎರಡು ಗುಡ್ಡ, ನಡುವೆ ಕಣಿವೆ.’ ಈ ಮೊದಲ ವಾಕ್ಯದಲ್ಲಿ ಕ್ರಿಯಾಪದವಿಲ್ಲ. ‘ಇವೆ’ ಎಂಬುದನ್ನು ಓದುಗನು ಅಧ್ಯಾಹಾರ ಮಾಡಿಕೊಳ್ಳುತ್ತಾನೆ, ಎಂದರೆ ಹೇಳದೆ ಉಳಿದ ಪದವನ್ನು ಮನಸ್ಸಿನಲ್ಲೇ ತುಂಬಿಕೊಳ್ಳುತ್ತಾನೆ. ಹೀಗೇಕೆ? ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ನಿಲ್ಲುತ್ತದೆ. ಆದುದರಿಂದ ವರ್ಣನೆಗೆ ತೊಡಗಿದವನ ವಾಕ್ಯಗಳು ಎಲ್ಲಿಂದ ಹೊರಟರೂ ಒಂದೇ ಬಾಗಿಲಲ್ಲಿ ಬಂದು ಬೀಳುತ್ತವೆ: ಇಲ್ಲಿ ಅಣೆಕಟ್ಟು ಇದೆ, ಪಕ್ಕದಲ್ಲಿ ಗುಡ್ಡ ಇದೆ, ಕೆಳಗೆ ತೋಟ ಇದೆ, ದೇವಸ್ಥಾನವೂ ಇದೆ. ಶಾಲೆಯ ಪ್ರಬಂಧಗಳನ್ನು ಬಲ್ಲವರಿಗೆ ಈ ‘ಇದೆ’ಗಳ ಸಾಲು ಹೊಸದಲ್ಲ. ಕನ್ನಡ ವರ್ಣನೆಯ ಏಕತಾನತೆ ವಾಕ್ಯದ ಆರಂಭದಲ್ಲಿ ಹುಟ್ಟುವುದಕ್ಕಿಂತ ಹೆಚ್ಚಾಗಿ ತುದಿಯಲ್ಲಿ ಹುಟ್ಟುತ್ತದೆ. ಆರಂಭದ ಪದಗಳನ್ನು ಎಷ್ಟು ಬದಲಿಸಿದರೂ ತುದಿ ಬದಲಾಗದಿದ್ದರೆ ಶ್ರಮ ವ್ಯರ್ಥ. ಮುಂದಿನ ಆರು ವಾಕ್ಯಗಳ ವ್ಯಾಖ್ಯಾನಕ್ಕೂ ಇದೇ ಸೂತ್ರ: ತುದಿಯನ್ನು ನೋಡುವುದು.

‘ಬಾಬಾಬುಡನ್‌ಗಿರಿಯ ಸಾಲಿನಲ್ಲಿ...’ ಎಂಬ ಎರಡನೆಯ ವಾಕ್ಯ ದೀರ್ಘ. ‘ಹುಟ್ಟಿ’, ‘ಒಂದಾಗಿ’, ‘ಹಾದು’, ‘ಎದೆಯಾನಿಸಿ’ ಎಂಬಿವು ಕೃದಂತಾವ್ಯಯಗಳು, ಎಂದರೆ ಕ್ರಿಯೆಯನ್ನು ಹೇಳಿಯೂ ವಾಕ್ಯವನ್ನು ಮುಗಿಸದ ರೂಪಗಳು. ‘ಬಂದ’ ಎಂಬುದು ಕೃದಂತ ವಿಶೇಷಣ; ಹಿಂದಿನ ಪಯಣವನ್ನೆಲ್ಲ ನದಿಯ ಹೆಸರಿಗೆ ತಂದು ಕಟ್ಟುತ್ತದೆ. ಶಾಸ್ತ್ರಕಾರರು ವಾಕ್ಯಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರನ್ನು ಬಯಸಿದರು. ಅವುಗಳಲ್ಲಿ ಆಕಾಂಕ್ಷೆ ಎಂದರೆ ಒಂದು ಪದವು ಮತ್ತೊಂದನ್ನು ಎದುರುನೋಡುವುದು. ‘ಹುಟ್ಟಿ’ ಎಂದ ಕೂಡಲೆ ಓದುಗನು ‘ಮುಂದೆ?’ ಎನ್ನುತ್ತಾನೆ; ‘ಒಂದಾಗಿ’ ಎಂದರೂ ಉತ್ತರ ಪೂರ್ತಿ ಸಿಗದು; ನದಿಯ ಹೆಸರೇ ಪಯಣದ ಕೊನೆಗೆ ಬರುತ್ತದೆ, ನಿಲುಗಡೆ ಅದಕ್ಕೂ ಆಚೆ. ‘ನಿಲ್ಲುತ್ತಾಳೆ’ ಎಂಬಲ್ಲಿ ವಾಕ್ಯವೂ ನಿಲ್ಲುತ್ತದೆ, ನದಿಯೂ ನಿಲ್ಲುತ್ತದೆ. ದೀರ್ಘವಾಕ್ಯಕ್ಕೆ ಇಲ್ಲಿ ಕಾರಣವಿದೆ. ಹೇಳಬೇಕಾದ ವಸ್ತು ಸ್ವತಃ ದೂರದಿಂದ ಹರಿದು ಬಂದದ್ದು. ಅದನ್ನು ತುಂಡು ತುಂಡು ಮಾಡಿ ‘ವೇದಾ ಹುಟ್ಟುತ್ತದೆ. ಅವತಿ ಹುಟ್ಟುತ್ತದೆ. ಎರಡೂ ಕೂಡುತ್ತವೆ’ ಎಂದಿದ್ದರೆ ಭೂಗೋಳದ ಪಾಠವಾಗುತ್ತಿತ್ತು, ಹರಿವು ಕಾಣುತ್ತಿರಲಿಲ್ಲ. ಕಾರಣವಿಲ್ಲದ ದೈರ್ಘ್ಯವಾದರೋ ಆಯಾಸವೇ ಸರಿ.

‘ಕಟ್ಟೆಯ ಎತ್ತರ 142 ಅಡಿ.’ ದೀರ್ಘದ ಬೆನ್ನಿಗೆ ಹ್ರಸ್ವ. ನಾಮಪದಕ್ಕೆ ನಾಮಪದವೇ ಆಖ್ಯಾತವಾಗಿ, ಎಂದರೆ ಹೇಳಿಕೆಯನ್ನು ಪೂರೈಸುವ ಅಂಗವಾಗಿ, ನಿಲ್ಲುವುದು ಕನ್ನಡಕ್ಕೆ ಸಹಜ. ‘ಅಡಿ ಇದೆ’ ಎಂದು ಸೇರಿಸುವುದು ಅಭ್ಯಾಸಬಲ. ನದಿ ನಿಂತ ಮೇಲೆ ಅದನ್ನು ನಿಲ್ಲಿಸಿದ್ದರ ಅಳತೆ ಒಂದೇ ಉಸಿರಿನಲ್ಲಿ ಬರುತ್ತದೆ. ಇಲ್ಲೊಂದು ಶಂಕೆ: ಕೆಲಸ 1898ರಲ್ಲಿ ತೊಡಗಿ 1907ರಲ್ಲಿ ಮುಗಿದುದು, ಬಾಲಕ ಕೃಷ್ಣರಾಜ ಒಡೆಯರ ಪರವಾಗಿ ರಾಜ್ಯವಾಳುತ್ತಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನು ಸಾಗರಕ್ಕೆ ಇಟ್ಟುದು, ಇವನ್ನೇಕೆ ಬಿಟ್ಟಿದೆ? ಸಮಾಧಾನ: ಅವು ಸತ್ಯ, ಆದರೆ ಕಣ್ಣಿಗೆ ಕಾಣುವಂಥವಲ್ಲ; ಶಾಸನಕ್ಕೆ ಸಲ್ಲುವಂಥವು. ಚಿತ್ರದುರ್ಗದ ಮಗ್ಗುಲಲ್ಲೇ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಪುಟ್ಟ ಪ್ರಾಕೃತ ಶಾಸನವಿದೆ. ಅವನು ಕೆರೆ ಕಟ್ಟಿಸಿದುದನ್ನು ಅದು ಹೇಳುತ್ತದೆ. ಕಟ್ಟಿಸಿದವನಾರು, ಕಟ್ಟಿಸಿದ್ದೇನು, ಇಷ್ಟರಿಂದ ಶಾಸನಕ್ಕೆ ತೃಪ್ತಿ. ಕೆರೆಯ ನೀರು ಹೇಗೆ ಕಂಡಿತೆಂಬುದು ಅದರ ಕೆಲಸವಲ್ಲ. ವರ್ಣನೆಗೆ ನೋಡುವವನೊಬ್ಬ ಬೇಕು. ಎತ್ತರ ಕಾಣುತ್ತದೆ, ಆದ್ದರಿಂದ ಉಳಿಯಿತು. ವರ್ಷಗಳು ಚರಿತ್ರೆಯ ಪರಿಚ್ಛೇದಕ್ಕೆ ಸಲ್ಲಬೇಕಾದವು.

‘ಏರಿಯ ಮೇಲೆ ನಿಂತು...’ ನೋಡುವವನು ಬಂದದ್ದು ಈ ನಾಲ್ಕನೆಯ ವಾಕ್ಯದಲ್ಲಿ. ‘ನೋಡಿದರೆ... ಹಿನ್ನೀರು, ನೋಡಿದರೆ... ತೆಂಗು’ ಎಂದು ಎರಡು ಅರೆಗಳು ತಕ್ಕಡಿಯ ತಟ್ಟೆಗಳಂತೆ ಸಮವಾಗಿವೆ. ಹಿನ್ನೀರೆಂದರೆ ಕಟ್ಟೆ ತಡೆದುದರಿಂದ ಹಿಂದಕ್ಕೆ ಹರಡಿ ನಿಂತ ನೀರು. ಅದು ಹೊಸದುರ್ಗದ ದಿಕ್ಕು. ನಾಲೆಗಳಿಂದ ನೀರುಂಡ ತೋಟ ಹಿರಿಯೂರಿನ ದಿಕ್ಕು. ಒಂದು ಕಡೆ ಮುಳುಗಡೆ, ಇನ್ನೊಂದು ಕಡೆ ಬೆಳೆ ಎಂಬ ವಿಷಯವನ್ನು ಮೂಲವು ಬಾಯಿಬಿಟ್ಟು ಹೇಳುವುದಿಲ್ಲ. ವಾಕ್ಯದ ಸಮತೂಕವೇ ಹೇಳುತ್ತದೆ.

ಇಲ್ಲಿ ಪರಿಚ್ಛೇದ ಮುರಿದಿದೆ. ಈ ಮುರಿಯುವಿಕೆಯನ್ನೂ ಮೂಲದ ಒಂದು ಅಂಗವೆಂದೇ ಎಣಿಸಿ ವ್ಯಾಖ್ಯಾನಿಸಬೇಕು. ಓಲೆಗರಿಯಲ್ಲಿ ಬರಹ ಎಡೆಬಿಡದೆ ಸಾಗುತ್ತಿತ್ತು. ಸಾಲನ್ನು ಒಳಕ್ಕೆ ಸರಿಸಿ ಹೊಸದಾಗಿ ತೊಡಗುವ ರೂಢಿ ಅಚ್ಚಿನ ಕಾಲದಲ್ಲಿ ಬೇರೂರಿತು. ಈಗ ಕೆಲವರು ಐದಾರು ಸಾಲು ತುಂಬಿತೆಂದು ಪರಿಚ್ಛೇದ ಮುರಿಯುತ್ತಾರೆ. ಅದು ಕಾಗದದ ಲೆಕ್ಕ, ಅರ್ಥದ ಲೆಕ್ಕವಲ್ಲ. ಮೀಮಾಂಸಕರು ಏಕವಾಕ್ಯತೆ ಎಂದುದನ್ನು, ಎಂದರೆ ಹಲವು ಮಾತುಗಳು ಒಂದೇ ಪ್ರಯೋಜನಕ್ಕೆ ದುಡಿಯುವುದನ್ನು, ಪರಿಚ್ಛೇದಕ್ಕೂ ಅನ್ವಯಿಸಬಹುದು. ಮೊದಲ ನಾಲ್ಕು ವಾಕ್ಯಗಳ ಪ್ರಯೋಜನ ಸ್ಥಳ. ಮುಂದಿನ ಮೂರರ ಪ್ರಯೋಜನ ಕಾಲ. ಸ್ಥಳ ಮುಗಿದು ಕಾಲ ತೊಡಗುವಲ್ಲಿ ಬಿಳಿ ಜಾಗ ಬಿದ್ದಿದೆ. ಎಷ್ಟು ಪರಿಚ್ಛೇದ ಬೇಕೆಂಬುದು ವಸ್ತುವಿನ ಸ್ವಭಾವದಿಂದ ನಿರ್ಣಯವಾಗತಕ್ಕದ್ದು. ಹೊಳಲ್ಕೆರೆಯ ಬಯಲು ಗಣಪತಿಯ ಬೃಹತ್ ಮೂರ್ತಿ ಬಯಲಿನಲ್ಲಿ ಒಂದೇ ನೋಟಕ್ಕೆ ದಕ್ಕುತ್ತದೆ. ಅದಕ್ಕೆ ಒಂದು ಪರಿಚ್ಛೇದ ಸಾಕು, ಎರಡಾದರೆ ಮೂರ್ತಿಯನ್ನೇ ಸೀಳಿದಂತೆ. ಚಿತ್ರದುರ್ಗದ ಏಳು ಸುತ್ತಿನ ಕೋಟೆ ಹಾಗಲ್ಲ. ಬಾಗಿಲು ದಾಟಿ ತಿರುವು ತಿರುಗುವ ತನಕ ಮುಂದಿನ ಬಾಗಿಲು ಕಾಣಗೊಡದಂತೆ ಅದನ್ನು ಕಟ್ಟಿದ್ದಾರೆ. ಅದರ ವರ್ಣನೆಯಲ್ಲಿ ಬಾಗಿಲಿಗೊಂದು ಪರಿಚ್ಛೇದ ನ್ಯಾಯ. ಎಲ್ಲವನ್ನೂ ಒಂದರಲ್ಲೇ ತುಂಬಿದರೆ ಶತ್ರುವಿಗೂ ಸಿಗದ ನೋಟವನ್ನು ಓದುಗನಿಗೆ ಪುಕ್ಕಟೆ ಕೊಟ್ಟಂತಾಗುತ್ತದೆ.

‘ಕಣಿವೆ ಮಾರಮ್ಮ ಕಾಯುವುದು ಯಾರನ್ನು...’ ಐದನೆಯದು ಪ್ರಶ್ನೆ. ಉತ್ತರವನ್ನು ಬೇಡದ ಪ್ರಶ್ನೆಯಲ್ಲಿ ಕಾಕು, ಎಂದರೆ ದನಿಯ ಬಾಗು, ಅರ್ಥವನ್ನು ಹೊರುತ್ತದೆ. ಹೊಸ ಪರಿಚ್ಛೇದದ ಮೊದಲಿಗೇ ದನಿ ಬದಲಾದುದರಿಂದ ಹಿಂದಿನ ಸಮತೂಕದ ಗುಂಗು ಕಳಚುತ್ತದೆ. ಏಳು ವಾಕ್ಯಕ್ಕೆ ಒಂದು ಪ್ರಶ್ನೆ ಸಾಕು; ಎರಡಾದರೆ ವರ್ಣನೆ ಭಾಷಣದ ಕಡೆಗೆ ವಾಲುತ್ತದೆ.

‘1933ರಲ್ಲಿ ಕೋಡಿ ಬಿದ್ದುದನ್ನು...’ ಕೋಡಿ ಬೀಳುವುದೆಂದರೆ ತುಂಬಿ ಮಿಕ್ಕ ನೀರು ಅದಕ್ಕೆಂದೇ ಬಿಟ್ಟ ತೂಬಿಲ್ಲದ ದಾರಿಯಲ್ಲಿ ತಾನಾಗಿ ಹೊರಹರಿಯುವುದು. ಈ ಸಾಗರದಲ್ಲಿ ಅದಕ್ಕೆ ನೀರಿನ ಮಟ್ಟ 130 ಅಡಿ ಮುಟ್ಟಬೇಕು. ಇದು ಸಂಯೋಜಿತ ವಾಕ್ಯ: ಸ್ವತಂತ್ರವಾದ ಮೂರು ವಾಕ್ಯಗಳು ಅರ್ಧವಿರಾಮದಿಂದ ಕೂಡಿವೆ. ‘ಹೇಳಿದರು’ ಎರಡು ಬಾರಿ ಬಂದಿದೆ. ಇದು ಪುನರುಕ್ತಿದೋಷವಲ್ಲವೇ? ಅಲ್ಲ. ತಲೆಮಾರಿನಿಂದ ತಲೆಮಾರಿಗೆ ಅದೇ ಮಾತು ದಾಟಿತೆಂಬುದೇ ವಿವಕ್ಷೆಯಾದಾಗ ಅದೇ ಪದ ಮರಳಲೇಬೇಕು. ವೈವಿಧ್ಯದ ಹೆಸರಿನಲ್ಲಿ ‘ಹೇಳಿದರು, ನುಡಿದರು, ಅರುಹಿದರು’ ಎಂದು ಪರ್ಯಾಯಗಳನ್ನು ಪೋಣಿಸುವುದು ನಿಘಂಟಿನ ವೈಭವ, ಗದ್ಯದ ಗುಣವಲ್ಲ. ಇನ್ನು ಮೂರನೆಯ ತುಂಡಿನ ತುದಿಯಲ್ಲಿ ‘ಇತ್ತು’ ಇದೆ. ಇಡೀ ಮೂಲದಲ್ಲಿ ‘ಇರು’ ಧಾತು ಕಾಣಿಸಿಕೊಳ್ಳುವುದು ಇದೊಂದೇ ಕಡೆ. ಏನೂ ಆಗದೆ ಸುಮ್ಮನೆ ಇದ್ದ ಕೋಡಿಗೆ ಆ ಧಾತುವೇ ತಕ್ಕದ್ದು. ಮಿಕ್ಕೆಡೆಯೆಲ್ಲ ಅದನ್ನು ಬಿಟ್ಟುದು ಇಲ್ಲಿ ಅದಕ್ಕೆ ತೂಕ ಬರಲೆಂದು.

‘ಹರಿಯಿತು ನೀರು...’ ಕೊನೆಯದರಲ್ಲಿ ಕ್ರಮ ತಿರುಗಿದೆ. ಆರು ವಾಕ್ಯಗಳ ಕಾಲ ತುದಿಯಲ್ಲಿದ್ದ, ಇಲ್ಲವೇ ಕಾಣದೇ ಇದ್ದ ಕ್ರಿಯಾಪದ ಇಲ್ಲಿ ಮುಂದಕ್ಕೆ ನುಗ್ಗುತ್ತದೆ. ಸಹಜಕ್ರಮ ‘2022ರ ಸೆಪ್ಟೆಂಬರಿನಲ್ಲಿ ನೀರು ಹರಿಯಿತು’ ಎಂದು. ಅದು ವರದಿಗೆ ಸಾಕು. 89 ವರ್ಷ ಕಾದವರಿಗೆ ಮೊದಲು ಬೇಕಾದುದು ಕ್ರಿಯೆ, ದಿನಾಂಕ ಆಮೇಲೆ. ಈ ವ್ಯುತ್ಕ್ರಮವನ್ನು ಒಂದು ಖಂಡದಲ್ಲಿ ಒಮ್ಮೆ ಮಾತ್ರ ಬಳಸತಕ್ಕದ್ದು.

2025ರ ಜನವರಿಯಲ್ಲಿ ಕೋಡಿ ಮೂರನೆಯ ಸಲ ಬಿದ್ದಿತು. ಅದನ್ನು ಈ ಮೂಲಕ್ಕೆ ಸೇರಿಸಬಯಸುವವರು ಏಳನೆಯ ವಾಕ್ಯದ ಬಾಲಕ್ಕೆ ಹೊಲಿಯದಿರಲಿ. ಮೂರನೆಯ ಪರಿಚ್ಛೇದವನ್ನೇ ತೆರೆಯಲಿ.