ಕೌಬಾಯ್ ಚಿತ್ರಗಳಲ್ಲಿ ತಪ್ಪು ಯಾವುದು?

ಹಳೆಯ ಚಿತ್ರ, ಧಾರಾವಾಹಿಗಳಲ್ಲಿ ತಪ್ಪು ಹುಡುಕಿ ಪಟ್ಟಿ ಮಾಡುವ ಹವ್ಯಾಸಕ್ಕೆ ಹೆಚ್ಚು ಸಿಕ್ಕಿಬಿದ್ದಿರುವುದು ಕೌಬಾಯ್ ಕಥೆಗಳು. ಅಮೆರಿಕದ ಟಿ.ವಿ.ಯಲ್ಲಿ 1958ರಿಂದ 1963ರವರೆಗೆ ಬಂದ ‘ದಿ ರೈಫಲ್‌ಮನ್’ ಕಥೆ ನಡೆಯುವುದು 1880ರ ದಶಕದಲ್ಲಿ. ನಾಯಕನ ಕೈಯಲ್ಲಿರುವ ವಿಂಚೆಸ್ಟರ್ ಬಂದೂಕು 1892ರ ಮಾದರಿಯದು. ಇನ್ನೊಂದು ಧಾರಾವಾಹಿ ‘ಬೊನಾಂಜಾ’ದಲ್ಲಿ ಅಪ್ಪನಾದ ಲಾರ್ನ್ ಗ್ರೀನ್ ಅವರಿಗೂ ಹಿರಿಮಗನಾದ ಪರ್ನೆಲ್ ರಾಬರ್ಟ್ಸ್ ಅವರಿಗೂ ವಯಸ್ಸಿನಲ್ಲಿ 13 ವರ್ಷದ ಅಂತರವಷ್ಟೇ. ಸೆರ್ಜಿಯೊ ಲಿಯೋನೆ 1966ರಲ್ಲಿ ತೆಗೆದ ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ಯಲ್ಲಿ ಅಮೆರಿಕದ ಅಂತರ್ಯುದ್ಧದ ನಡುವೆಯೇ ಡೈನಮೈಟ್ ಇದೆ, ನೊಬೆಲ್ ಅದಕ್ಕೆ ಪೇಟೆಂಟ್ ಪಡೆದದ್ದು ಯುದ್ಧ ಮುಗಿದ ಮೇಲೆ, 1867ರಲ್ಲಿ. ಇದೇ ಪರಂಪರೆಯಲ್ಲಿ ಬಂದ ನಮ್ಮ ಹಿಂದಿ ಚಿತ್ರ ‘ಶೋಲೆ’ಗೂ ಇಂಥದೊಂದು ಪಟ್ಟಿ ಇದೆ. ಪಟ್ಟಿಗಳು ಹೇಳುವುದು ಬಹುಮಟ್ಟಿಗೆ ನಿಜವೇ. ಆದರೆ ಎಲ್ಲ ತಪ್ಪಿಗೂ ಒಂದೇ ತೂಕ ಕೊಟ್ಟಾಗ, ಕಥೆಯ ಬೆನ್ನುಮೂಳೆ ಮುರಿದ ತಪ್ಪು ಸಣ್ಣಪುಟ್ಟವುಗಳ ನಡುವೆ ಮರೆಯಾಗುತ್ತದೆ. ‘ಶೋಲೆ’ಯಲ್ಲಿ ಆಗಿರುವುದು ಇದೇ.

ಟಿ.ವಿ. ಕೌಬಾಯ್ ಧಾರಾವಾಹಿಗಳ ತಪ್ಪನ್ನು ಅವು ತಯಾರಾದ ರೀತಿಯಿಂದ ಬೇರ್ಪಡಿಸಿ ನೋಡುವಂತಿಲ್ಲ. ‘ಗನ್‌ಸ್ಮೋಕ್’ 1955ರಿಂದ 1975ರವರೆಗೆ 635 ಕಂತು ನಡೆಯಿತು. ವಾರಕ್ಕೊಂದು ಕಂತು ಮುಗಿಸಬೇಕಾದವರು ಹಳೆಯ ಕಂತಿನ ಕುದುರೆ ಓಟವನ್ನೇ ತಂದು ಹೊಸದಕ್ಕೆ ಅಂಟಿಸುತ್ತಿದ್ದರು. ‘ಬೊನಾಂಜಾ’ದ ಕುಟುಂಬ ವರ್ಷಗಟ್ಟಲೆ ಅದದೇ ಬಟ್ಟೆಯಲ್ಲಿ ಕಾಣಿಸುವುದು ಈ ಕಾರಣಕ್ಕೇ: ಅಂಗಿ ಬದಲಾಗದಿದ್ದರೆ ಹಳೆಯ ತುಣುಕು ಎಲ್ಲಿ ಸೇರಿಸಿದರೂ ಹೊಂದುತ್ತದೆ, ನಟನ ಬದಲು ಕುದುರೆ ಹತ್ತಿದವನೂ ಗುರುತು ಸಿಗುವುದಿಲ್ಲ. ಹೀಗೆ ದುಡಿದವರ ಕೈಯಲ್ಲಿ ಒಂದು ದೃಶ್ಯದ ನೆರಳು ಇನ್ನೊಂದಕ್ಕೆ ಹೊಂದದೆ ಹೋದರೆ, ಅದನ್ನು ಗುರುತಿಸಿದ ಮಾತ್ರಕ್ಕೆ ಧಾರಾವಾಹಿಯ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ.

ಸ್ಥಳದ ವಿಚಾರಕ್ಕೆ ಬಂದರೆ ಈ ಪರಂಪರೆ ನಿಂತಿರುವುದೇ ಒಂದು ಸುಳ್ಳಿನ ಮೇಲೆ. ಲಿಯೋನೆಯ ಅಮೆರಿಕ ಬಹುಪಾಲು ಸ್ಪೇನಿನ ಅಲ್ಮೇರಿಯಾ. ‘ಶೋಲೆ’ಯ ನಿರ್ದೇಶಕ ರಮೇಶ್ ಸಿಪ್ಪಿಯವರ ರಾಮಗಢ ನಮ್ಮ ರಾಮನಗರ. 1973ರ ಅಕ್ಟೋಬರಿನಲ್ಲಿ ಅಲ್ಲಿ ಚಿತ್ರೀಕರಣ ಆರಂಭವಾಯಿತು. ಬಂಡೆಗಳ ಬುಡದಲ್ಲಿ ಇಡೀ ಊರನ್ನೇ ಕಟ್ಟಿ, ಹೆದ್ದಾರಿಯಿಂದ ಅಲ್ಲಿಗೆ ರಸ್ತೆಯನ್ನೂ ಮಾಡಿದರು. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಭೂವಿಜ್ಞಾನಿಗಳು ಇಂದಿಗೂ ಆ ಬಂಡೆಯನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಆಳಂದದ ಕಡೆಯವರ ಕಣ್ಣಿಗೆ ಈ ಬಂಡೆಗಳು ಪರದೇಶದಂತೆಯೇ ಕಾಣುತ್ತವೆ. ಆಳಂದದಲ್ಲಿ ಎರೆಮಣ್ಣಿನ ಕೆಳಗಿರುವುದು ಲಾವಾ ಆರಿ ಪದರು ಪದರಾಗಿ ಕೂತ ಕರಿಕಲ್ಲು. ಜೇವರ್ಗಿ ಕಡೆ ಭೀಮಾ ತೀರಕ್ಕೆ ಇಳಿದರೆ ಸುಣ್ಣದಕಲ್ಲು, ಶಹಾಬಾದಿನ ಪರಸಿ. ಸೋಜಿಗವೆಂದರೆ ‘ಶೋಲೆ’ಯ ರೈಲು ದರೋಡೆ ಚಿತ್ರಿತವಾದದ್ದು ಪನವೇಲ್ ಹತ್ತಿರ, ಅಲ್ಲಿನ ಗುಡ್ಡಗಳು ಆಳಂದದ ಕೆಳಗಿರುವ ಕರಿಕಲ್ಲಿನ ಜಾತಿಯವೇ. ಒಂದೇ ಚಿತ್ರದಲ್ಲಿ ಎರಡು ಭೂಗರ್ಭಗಳನ್ನು ಹೊಲಿದು ಕೂಡಿಸಿದ್ದಾರೆ, ಹೊಲಿಗೆ ಯಾರಿಗೂ ಕಂಡಿಲ್ಲ. ಆಮೇಲೆ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ಕ್ಕಾಗಿ ಡೇವಿಡ್ ಲೀನ್ ಇದೇ ಸೀಮೆಯ ಬಂಡೆಗಳನ್ನು ಬಿಹಾರದ ಗುಹೆಗಳ ಜಾಗದಲ್ಲಿ ನಿಲ್ಲಿಸಿದರು. ಇದನ್ನು ತಪ್ಪೆಂದರೆ ಕೌಬಾಯ್ ಚಿತ್ರವೆಂಬುದೇ ಉಳಿಯುವುದಿಲ್ಲ.

‘ಶೋಲೆ’ಯ ಪಟ್ಟಿಯಲ್ಲಿ ಎರಡು ತಪ್ಪುಗಳು ಪದೇ ಪದೇ ಬರುತ್ತವೆ. ರಾತ್ರಿ ರಾಮಗಢದ ಠಾಕೂರನ ಸೊಸೆ ರಾಧಾ ದೀಪಗಳನ್ನು ಒಂದೊಂದಾಗಿ ಆರಿಸುತ್ತಾಳೆ, ಅಂದರೆ ಊರಿಗೆ ಕರೆಂಟಿಲ್ಲ. ಹಾಗಿದ್ದರೆ ಠಾಕೂರ ಕರೆತಂದ ಕಳ್ಳ ವೀರು ಹತ್ತಿ ನಿಂತ ಟ್ಯಾಂಕಿಗೆ ನೀರು ಏರಿದ್ದು ಹೇಗೆ? ಈ ಆಕ್ಷೇಪ ನಿಲ್ಲುವುದಿಲ್ಲ. ಎಪ್ಪತ್ತರ ದಶಕದ ಹಳ್ಳಿಗಳಲ್ಲಿ ಡೀಸೆಲ್ ಎಂಜಿನ್ ಇಟ್ಟು ನೀರೆತ್ತುತ್ತಿದ್ದರು. ಚಿತ್ರ ಅದನ್ನು ತೋರಿಸಿಲ್ಲ, ಅಷ್ಟೆ. ಇನ್ನೊಂದು ತಪ್ಪು ನಿಜವಾದದ್ದು: ದರೋಡೆಕೋರ ಗಬ್ಬರ್‌ನೊಂದಿಗೆ ಕೊನೆಯ ಹೊಡೆದಾಟದಲ್ಲಿ, ಎರಡೂ ಕೈ ಕಳೆದುಕೊಂಡ ಠಾಕೂರನ ಬಟ್ಟೆಯೊಳಗಿಂದ ಸಂಜೀವ್ ಕುಮಾರ್ ಅವರ ಕೈ ಒಂದು ಕ್ಷಣ ಇಣುಕುತ್ತದೆ. ಆದರೆ ಅಷ್ಟು ಹೊತ್ತಿಗೆ ಆ ಮನುಷ್ಯನ ಸಿಟ್ಟು ನೋಡುವವರನ್ನು ಎಷ್ಟು ಹಿಡಿದಿರುತ್ತದೆಂದರೆ, ಕಂಡ ಕೈ ಕಥೆಯನ್ನು ಕೂದಲೆಳೆಯಷ್ಟೂ ಅಲುಗಿಸುವುದಿಲ್ಲ.

ಹಾಗಾದರೆ ನೋಡುವವರು ಒಪ್ಪಿಕೊಂಡದ್ದೆಲ್ಲ ಸರಿಯೇ, ನಮ್ಮ ದೊಡ್ಡಾಟದಲ್ಲಿ ಇದಕ್ಕಿಂತ ಹೆಚ್ಚು ನಡೆಯುವುದಿಲ್ಲವೇ ಎಂದು ಕೇಳಬಹುದು. ದೊಡ್ಡಾಟದಲ್ಲಿ ರಾಜ ಬಂದು ತಾನು ಯಾರೆಂದು ಸಾರಥಿಗೆ ತಾನೇ ಹೇಳುತ್ತಾನೆ, ಹಿಮ್ಮೇಳ ಎಲ್ಲರ ಕಣ್ಣೆದುರೇ ನಿಂತು ಹಾಡುತ್ತದೆ, ಸಾರಥಿ ಊರಿನ ಇಂದಿನ ಮಾತಾಡುತ್ತಾನೆ. ಅಲ್ಲಿ ಯಾರೂ ‘ಇದು ಹೀಗೇ ನಡೆದಿತ್ತು’ ಎಂದು ನಂಬಿಸಲು ಹೊರಟಿಲ್ಲ. ಆದ್ದರಿಂದ ಅಲ್ಲಿ ತಪ್ಪೆಂಬ ಮಾತೇ ಹುಟ್ಟುವುದಿಲ್ಲ. ಕೌಬಾಯ್ ಚಿತ್ರ ಕೊಡುವ ಭಾಷೆ ಬೇರೆ. ಧೂಳು, ಬೆವರು, ಗುಂಡಿನ ಲೆಕ್ಕ ತೋರಿಸಿ, ಇಲ್ಲಿ ಮಾಡಿದ್ದಕ್ಕೆ ಮಾಡಿದಷ್ಟೇ ಫಲ ಎಂದು ಅದು ಮಾತು ಕೊಡುತ್ತದೆ. ಆ ಮಾತು ಎಲ್ಲಿ ಮುರಿಯಿತೆಂದು ನೋಡುವುದೇ ವಿಮರ್ಶೆಯ ಕೆಲಸ.

ಆ ಮಾತನ್ನು ‘ಶೋಲೆ’ ಎಷ್ಟು ನಿಷ್ಠೆಯಿಂದ ಉಳಿಸಿಕೊಂಡಿತ್ತು ಎಂಬುದಕ್ಕೆ ವೀರುವಿನ ಜೊತೆಗಾರ ಜಯ್‌ನ ನಾಣ್ಯವೇ ಸಾಕ್ಷಿ. ತೀರ್ಮಾನ ಮಾಡಬೇಕಾದಾಗಲೆಲ್ಲ ಅವನು ಅದನ್ನು ಚಿಮ್ಮಿಸುತ್ತಾನೆ. ಗುಂಡು ಮುಗಿಯುತ್ತ ಬಂದಾಗಲೂ ಚಿಮ್ಮಿಸಿ, ವೀರುವನ್ನು ಕಳಿಸಿ, ತಾನೊಬ್ಬನೇ ಉಳಿದು ಸಾಯುತ್ತಾನೆ. ನಾಣ್ಯದ ಎರಡೂ ಬದಿ ಒಂದೇ ಎಂದು ವೀರುಗೆ ಗೊತ್ತಾಗುವುದು ಆಮೇಲೆ. ಹಿಂದಿನ ಪ್ರತಿ ಚಿಮ್ಮಾಟದ ಅರ್ಥ ಆ ಒಂದು ಕ್ಷಣದಲ್ಲಿ ಬದಲಾಗುತ್ತದೆ. ಸಲೀಂ–ಜಾವೇದ್ ಬರವಣಿಗೆಯಲ್ಲಿ ಎಳೆ ಎಲ್ಲೂ ತಪ್ಪಿಲ್ಲ. ಠಾಕೂರನ ಚಪ್ಪಲಿಗೂ ಇಂಥದೇ ಸಿದ್ಧತೆ ಇತ್ತು. ಆಳು ರಾಮಲಾಲ್ ಒಡೆಯನ ಪಾದರಕ್ಷೆಗೆ ಮೊಳೆ ಬಡಿಯುವ ದೃಶ್ಯ ಚಿತ್ರಿತವಾಗಿತ್ತು, ಕೊನೆಗೆ ಠಾಕೂರ ಆ ಚಪ್ಪಲಿ ತೊಟ್ಟೇ ಗಬ್ಬರ್‌ನನ್ನು ಕೊಲ್ಲುತ್ತಿದ್ದ. ತುರ್ತು ಪರಿಸ್ಥಿತಿಯ ದಿನಗಳ ಸೆನ್ಸಾರ್ ಅದನ್ನು ಒಪ್ಪಲಿಲ್ಲ. ಅಂತ್ಯವನ್ನು ಮತ್ತೆ ಚಿತ್ರೀಕರಿಸಬೇಕಾಯಿತು. 1975ರ ಆಗಸ್ಟ್ 15ರಂದು ತೆರೆಕಂಡ ಪ್ರತಿಯಲ್ಲಿ ಮೊಳೆ ಬಡಿಯುವ ದೃಶ್ಯ ಇಲ್ಲ. ಮೊಳೆಯ ಚಪ್ಪಲಿ ಮಾತ್ರ ಎಲ್ಲಿಂದಲೋ ಬಂದುಬಿಡುತ್ತದೆ. ಠಾಕೂರ ಕೊನೆಯ ಹೆಜ್ಜೆ ಇಡುವ ಹೊತ್ತಿಗೆ ಪೊಲೀಸರೂ ಎಲ್ಲಿಂದಲೋ ಬಂದು, ಗಬ್ಬರನನ್ನು ಕೊಲ್ಲದಂತೆ ಅವನನ್ನು ತಡೆಯುತ್ತಾರೆ.

ಠಾಕೂರ ಮೊದಲು ಪೊಲೀಸ್ ಅಧಿಕಾರಿ, ಕೊನೆಗೆ ಕಾನೂನಿಗೆ ತಲೆಬಾಗುವುದು ಅವನಿಗೆ ತಕ್ಕದ್ದೇ ಎಂದು ವಾದಿಸಬಹುದು. ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಅದು ಸಲ್ಲಬೇಕಾದರೆ ಅವನ ಮನಸ್ಸು ಆ ಕಡೆ ಹೊರಳುವ ಒಂದು ದೃಶ್ಯವಾದರೂ ಮೊದಲೇ ಇರಬೇಕಿತ್ತು. ಇರುವುದೆಲ್ಲ ಇದಕ್ಕೆ ವಿರುದ್ಧ: ಕಾನೂನು ನೆರವಿಗೆ ಬರಲಿಲ್ಲವೆಂದೇ ಅವನು ಇಬ್ಬರು ಕಳ್ಳರನ್ನು ಕೂಲಿಗೆ ಕರೆತಂದ. ಜನ ಅರ್ಧ ಶತಮಾನ ಈ ಅಂತ್ಯವನ್ನೇ ಮೆಚ್ಚಿ ನೋಡಿದರಲ್ಲ ಎಂದರೆ, ಚಿತ್ರಮಂದಿರಗಳಲ್ಲಿ ಅವರ ಮುಂದೆ ಬೇರೆ ಅಂತ್ಯ ಇರಲಿಲ್ಲ. 2025ರ ಜೂನ್‌ನಲ್ಲಿ ಇಟಲಿಯ ಬೊಲೋನ್ಯಾದ ಚಿತ್ರೋತ್ಸವದಲ್ಲಿ, ಪುನರುಜ್ಜೀವನಗೊಂಡ ಪ್ರತಿ ಮೂಲ ಅಂತ್ಯದೊಂದಿಗೇ ಪ್ರದರ್ಶನ ಕಂಡಿತು. ‘ಶೋಲೆ’ಯ ತಪ್ಪುಗಳ ಪಟ್ಟಿ ಮಾಡುವವರು ಆ ಪ್ರತಿಯನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಲಿ, ಸೆನ್ಸಾರಿನ ಕತ್ತರಿಯನ್ನು ಪಟ್ಟಿಯ ಮೊದಲ ಸಾಲಿನಲ್ಲಿ ಬರೆಯಲಿ.