ಬಾಗಿಲ ಗುರುತು ಮತ್ತು ಹಿಟ್ಟಿನ ಕೋಳಿ

ಯುಗಾದಿಯಂತೆ ಯಹೂದಿಗಳ ಪಸ್ಕಹಬ್ಬವೂ ಮೂಲದಲ್ಲಿ ವಸಂತದ ಹಬ್ಬ. ವೆಸ್ಟ್‌ಮೀಡಿನಲ್ಲಿ ನಮಗೆ ಎರಡೂ ಎಲೆ ಉದುರುವ ಕಾಲಕ್ಕೇ ಬರುತ್ತವೆ, ಸಾಮಾನ್ಯವಾಗಿ ಹದಿನೈದು ದಿನಗಳ ಅಂತರದಲ್ಲಿ. ನಾವು ಬೇವು-ಬೆಲ್ಲ ಮೆಲ್ಲುತ್ತೇವೆ. ಅವರು ಕಹಿಸೊಪ್ಪನ್ನು ಹಣ್ಣು, ಬೀಜಗಳ ಸಿಹಿ ಮಿಶ್ರಣದಲ್ಲಿ ಅದ್ದಿ ತಿನ್ನುತ್ತಾರೆ. ನಮ್ಮ ಕಹಿ ಬರಲಿರುವ ವರ್ಷದ್ದು, ಅವರದು ಈಜಿಪ್ಟಿನ ದಾಸ್ಯದ ನೆನಪು. ಆ ನೆನಪಿನ ನಡುವೆ ಒಂದು ಭಯಂಕರ ರಾತ್ರಿಯಿದೆ.

ಬೈಬಲ್ಲಿನ ವಿಮೋಚನಕಾಂಡದ 12ನೆಯ ಅಧ್ಯಾಯವನ್ನು ಓದಿ ನೋಡಿ. ಇಸ್ರೇಲರು ಕುರಿಮರಿಯ ರಕ್ತವನ್ನು ಬಾಗಿಲ ಚೌಕಟ್ಟಿಗೆ ಹಚ್ಚಬೇಕು. ಗುರುತಿರುವ ಮನೆಯನ್ನು ಸಾವು ಬಿಟ್ಟು ಹೋಗುತ್ತದೆ. ಉಳಿದ ಕಡೆ ಫರೋಹನ ಚೊಚ್ಚಲ ಮಗನಿಂದ ಹಿಡಿದು ಸೆರೆಮನೆಯ ಕೈದಿಯ ಚೊಚ್ಚಲ ಮಗನವರೆಗೆ ಎಲ್ಲರೂ ಸಾಯುತ್ತಾರೆ. ಫರೋಹನ ಹಟಕ್ಕೆ ಕೈದಿಯ ಕೂಸು ಏಕೆ ದಂಡ ತೆರಬೇಕು?

1990ರ ದಶಕದಲ್ಲಿ ಕರ್ನಾಟಕದ ಊರುಗಳಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದದ್ದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ರಾತ್ರಿ ಬರುವ ದೆವ್ವ ಅದನ್ನು ಓದಿಕೊಂಡು ಹಿಂದಿರುಗುತ್ತದೆ ಎಂಬ ನಂಬಿಕೆ. (ದೆವ್ವಕ್ಕೂ ಕನ್ನಡ ಓದಲು ಬರುತ್ತಿತ್ತಲ್ಲ, ಅದೇ ಸಮಾಧಾನ!) ಆದರೆ ದೆವ್ವದಿಂದ ಯಾರೂ ನ್ಯಾಯ ಬಯಸುವುದಿಲ್ಲ. ದೇವರಿಂದ ಬಯಸುತ್ತೇವೆ, ತೊಡಕು ಇರುವುದು ಅಲ್ಲಿಯೇ.

ಹಬ್ಬದ ಹೆಸರಿನ ಹಿಂದಿರುವ ಹೀಬ್ರೂ ಕ್ರಿಯಾಪದಕ್ಕೆ 'ದಾಟಿ ಹೋಗು' ಎಂಬ ಅರ್ಥವೇ ಹೆಚ್ಚು ಪ್ರಚಲಿತ. ಯೆಶಾಯನ ಗ್ರಂಥದಲ್ಲಿ ಅದೇ ಪದ, ಹಕ್ಕಿ ರೆಕ್ಕೆ ಬಿಚ್ಚಿ ಕಾಯುವಂತೆ ದೇವರು ನಗರವನ್ನು ಕಾಯುವ ಸಂದರ್ಭದಲ್ಲಿ ಬರುತ್ತದೆ. ಹಾಗೆ ಓದಿದರೆ ದೇವರು ಮನೆಯನ್ನು ದಾಟಿ ಹೋಗುವವನಲ್ಲ, ಹೊಸ್ತಿಲಲ್ಲಿ ನಿಂತು ಸಂಹಾರಕನನ್ನು ತಡೆಯುವವನು. ಚೆಲುವಾದ ಅರ್ಥ. ಆದರೆ ಒಳಗಿದ್ದವರಿಗೆ ಮಾತ್ರ.

ಈ ಪ್ರಶ್ನೆಯನ್ನು ಹಿಡಿದು ಜನ್ನನ 'ಯಶೋಧರ ಚರಿತೆ'ಗೆ (1209) ಹೋದರೆ ಬೇರೆಯೇ ಲೋಕ ತೆರೆಯುತ್ತದೆ. ಅಲ್ಲಿಯೂ ಕೇಡು ತಪ್ಪಿಸಲು ಬಲಿ ಬೇಕು. ಯಶೋಧರ ಕೊಲ್ಲಲೊಲ್ಲ, ತಾಯಿ ಚಂದ್ರಮತಿ ಬಿಡಲೊಲ್ಲಳು. ಹಿಟ್ಟಿನ ಕೋಳಿಯಲ್ಲಿ ರಾಜಿಯಾಗುತ್ತದೆ. ಕತ್ತಿ ಬಿದ್ದಾಗ ಆ ಕೋಳಿ ಕೂಗುತ್ತದೆ! ಒಂದು ಹನಿ ರಕ್ತವೂ ಬೀಳದ ಆ ಬಲಿಗಾಗಿ ತಾಯಿ, ಮಗ ನವಿಲು-ನಾಯಿಗಳಾಗಿ, ಕೊನೆಗೆ ಕೋಳಿಗಳಾಗಿ ಹುಟ್ಟಿ ಹುಟ್ಟಿ ಸಾಯುತ್ತಾರೆ. ಕಾರ್ನಾಡರ 'ಹಿಟ್ಟಿನ ಹುಂಜ'ಕ್ಕೂ ಇದೇ ಕಥೆ ಮೂಲ. ಬೈಬಲ್ಲಿನಲ್ಲಿ ರಕ್ತ ಕಾಪಾಡುತ್ತದೆ. ಜನ್ನನಲ್ಲಿ ಕೊಲ್ಲುವ ಸಂಕಲ್ಪವೇ ಸಾಕು, ಶಿಕ್ಷೆಗೆ. ತೀರ್ಪು ಕೊಡಲು ದೇವರಿಲ್ಲ, ಕರ್ಮವಿದೆ. ಬೇಡಿಕೊಳ್ಳೋಣವೆಂದರೆ ಕೇಳುವವರಿಲ್ಲ.

ಜನ್ನನ ನ್ಯಾಯದಲ್ಲಿ ಸೋರಿಕೆಯಿಲ್ಲ ಎಂದು ಹೊಗಳುವುದು ವಾಡಿಕೆ. ನಮಗೆ ಅದೇ ಕಷ್ಟವೆನಿಸುತ್ತದೆ. ಕೈದಿಯ ಕೂಸನ್ನು ಅಲ್ಲಿಗೆ ಒಯ್ದರೆ ಅದರ ಸಾವೂ ಹಳೆಯ ಲೆಕ್ಕದ ಬಾಕಿಯಾಗಿಬಿಡುತ್ತದೆ. ವಿಮೋಚನಕಾಂಡ ಲೆಕ್ಕ ಚುಕ್ತಾ ಮಾಡುವುದಿಲ್ಲ; ಆ ರಾತ್ರಿ ಸತ್ತವರಿಲ್ಲದ ಮನೆಯೇ ಈಜಿಪ್ಟಿನಲ್ಲಿ ಇರಲಿಲ್ಲವೆಂದು ಬರೆದು, ಆ ಗೋಳನ್ನು ಹಾಗೆಯೇ ಬಿಡುತ್ತದೆ. ಜನ್ನನ ಕರುಣೆ ಇರುವುದು ಸಿದ್ಧಾಂತದಲ್ಲಲ್ಲ, ಕಥೆಯ ಚೌಕಟ್ಟಿನಲ್ಲಿ. ಮಾರಿಗೆ ಬಲಿಯಾಗಲು ಬಂದ ಅಭಯರುಚಿ, ಅಭಯಮತಿಯರು ತಮ್ಮ ಹಿಂದಿನ ಜನ್ಮಗಳ ಕಥೆ ತಿಳಿಸುತ್ತಾರೆ. ಕೇಳಿದ ಮಾರಿದತ್ತನ ಮನಸ್ಸು ತಿರುಗುತ್ತದೆ, ಮಕ್ಕಳು ಉಳಿಯುತ್ತಾರೆ.

ಯಹೂದಿಗಳೂ ಪಸ್ಕದ ರಾತ್ರಿ ಮಕ್ಕಳಿಂದ ಪ್ರಶ್ನೆ ಕೇಳಿಸಿ, ಉತ್ತರವಾಗಿ ಕಥೆ ಹೇಳುತ್ತಾರೆ. ಈಜಿಪ್ಟಿನ ಹತ್ತು ಉಪದ್ರವಗಳನ್ನು ಹೆಸರಿಸುವಾಗ ಬಟ್ಟಲಿನಿಂದ ಒಂದೊಂದು ಹನಿ ದ್ರಾಕ್ಷಾರಸ ಹೊರಚೆಲ್ಲುವುದು ಪದ್ಧತಿ. ಶತ್ರುವೇ ಆದರೂ ಸತ್ತವರಿದ್ದಾರೆ, ನಮ್ಮ ಬಟ್ಟಲು ತುಂಬಿರಬಾರದು ಎಂದು ಹಲವರು ಅದಕ್ಕೆ ಅರ್ಥ ಹೇಳುತ್ತಾರೆ. ಚೊಚ್ಚಲು ಮಕ್ಕಳ ಸಾವಿಗೆ ಬೀಳುವುದು ಹತ್ತನೆಯ ಹನಿ.